‘ನಾವು’ ಕಂಡ ಶಾರ್ಕ್

ಹುಣಸಗಿಯಿಂದ ಸಮುದ್ರ ಬಲು ದೂರ. ಪಶ್ಚಿಮಕ್ಕೆ ಹೊರಟವನು ಘಟ್ಟ ಇಳಿಯಬೇಕು. ಪೂರ್ವಕ್ಕೆ ಹೊರಟವನು ತೆಲಂಗಾಣ, ಆಂಧ್ರಗಳನ್ನು ದಾಟಬೇಕು. ಆದರೂ ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮೂರಿನ ತರುಣ ದಂಪತಿಗಳು, ಇಬ್ಬರೂ ಶಿಕ್ಷಕರು, ಅಂಡಮಾನಿಗೆ ಹೋಗಿ, 2018ರಲ್ಲಿ ಸ್ವರಾಜ್ ದ್ವೀಪವೆಂದು ಹೆಸರು ಬದಲಾದ ಹ್ಯಾವ್‌ಲಾಕಿನಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿದುಬಂದರು. ಬಂದ ಹದಿನೈದು ದಿನಕ್ಕೆ ಪತಿರಾಯರು ಒಂದು ಪ್ರವಾಸ ಲೇಖನ ಬರೆದು, ಪತ್ರಿಕೆಗೆ ಕಳಿಸುವ ಮುನ್ನ ಒಮ್ಮೆ ಕಣ್ಣಾಡಿಸಬೇಕೆಂದು ನನ್ನ ಕೈಗಿತ್ತರು. ಕಣ್ಣಾಡಿಸಿದೆ. ಅಂದಿನಿಂದ ಒಂದು ಸರ್ವನಾಮ ನನ್ನನ್ನು ಕಾಡುತ್ತಿದೆ. ಹೆಸರು ಹೇಳುವುದಿಲ್ಲವೆಂಬ ಕರಾರಿನ ಮೇಲೆ ಅವರಿಬ್ಬರ ಅಪ್ಪಣೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಲೇಖನ ಕೆಟ್ಟದ್ದೇನಲ್ಲ. ಭಾಷೆ ಶುದ್ಧವಾಗಿದೆ, ವಾಕ್ಯಗಳು ಎಡವುವುದಿಲ್ಲ. ಇಂಥ ಬರಹಗಳಿಗೆ ಈಗ ಒಂದು ಅಚ್ಚು ಸಿದ್ಧವಾಗಿಬಿಟ್ಟಿದೆ: ಮದುವೆಯ ಐದನೆಯ ವರ್ಷ, ವಿಮಾನದ ಕಿಟಕಿ, ಪಚ್ಚೆಯ ನೀರು, ತೆಂಗಿನ ನೆರಳು, ಕೊನೆಗೆ ನೀರಿನಡಿಯಲ್ಲಿ ‘ಮೃತ್ಯುವಿನೊಡನೆ ಮುಖಾಮುಖಿ’. ನಮ್ಮ ಮಿತ್ರರು ಆ ಅಚ್ಚಿಗೆ ಎರಕ ಹೊಯ್ದಿದ್ದಾರೆ. ಅವರ ಲೇಖನದ ಶಿಖರವಾಕ್ಯ ಇದು: ‘ನಲವತ್ತು ಅಡಿ ಆಳದಲ್ಲಿ, ರಕ್ತಗೆಂಪಿನ ಹವಳಗಳ ನಡುವೆ, ನಿಂತರೆ ಸಾಯುವ ಆ ಪ್ರಾಣಿ ನಮ್ಮತ್ತ ತಿರುಗಿದ್ದನ್ನು ನಾವು ಕಂಡೆವು, ನಮ್ಮ ಕೈಗಳು ತಾವಾಗಿಯೇ ಬೆಸೆದುಕೊಂಡವು.’

ಓದಿ ಸಂತೋಷಪಟ್ಟು, ಸಂಜೆ ಅವರ ಮನೆಗೆ ಹೋದೆ. ಚಹ ತಂದಿಟ್ಟ ಆಕೆಯನ್ನು ಶಾರ್ಕ್ ಹೇಗಿತ್ತೆಂದು ಸುಮ್ಮನೆ ಕೇಳಿದೆ. ಆಕೆ ನಕ್ಕರು. ‘ಎಮ್ಮಿ ಬಿದ್ದಂಗ ಬಿದ್ದಿತ್ತು ಕಾಕಾ, ಉಸುಕಿನ ಮ್ಯಾಲ. ರೆಕ್ಕೀ ತುದಿ ಬೆಳ್ಳಗ ಇತ್ತು. ನಮ್ಮ ಕಡೆ ನೋಡಲೂ ಇಲ್ಲ. ಇವರಂತೂ ನೋಡೇ ಇಲ್ಲ, ಆಗಲೇ ಮ್ಯಾಲ ಹೋಗಿದ್ರು.’

ಪತಿರಾಯರ ಮುಖ ಕೆಂಪಾಯಿತು. ನಡೆದದ್ದಿಷ್ಟು. ನೀರಿನಡಿಯಲ್ಲಿ ಮಾತಿಲ್ಲ, ಕೈಸನ್ನೆಯೇ ಭಾಷೆ. ಆ ಭಾಷೆಯಲ್ಲಿ ಹೆಬ್ಬೆರಳು ಮೇಲೆತ್ತಿದರೆ ‘ಭೇಷ್’ ಎಂದಲ್ಲ, ‘ಮೇಲೆ ಹೋಗೋಣ’ ಎಂದರ್ಥ. ಕ್ಷೇಮವೆನ್ನಲು ಹೆಬ್ಬೆರಳು ತೋರುಬೆರಳುಗಳನ್ನು ಉಂಗುರ ಮಾಡಿ ತೋರಿಸಬೇಕು. ದಂಡೆಯ ಮೇಲೆ ಇದನ್ನೆಲ್ಲ ಹೇಳಿಕೊಟ್ಟಿದ್ದರು. ಆದರೆ ಬಣ್ಣದ ಮೀನುಗಳ ಹಿಂಡು ಕಂಡ ಉತ್ಸಾಹದಲ್ಲಿ ಇವರು ಹೆಬ್ಬೆರಳೆತ್ತಿದರು. ಅವರ ಜೊತೆಗಿದ್ದ ಮಾರ್ಗದರ್ಶಿ, 1925ರಲ್ಲಿ ಬ್ರಿಟಿಷರು ಬರ್ಮಾದಿಂದ ಕರೆತಂದು ನೆಲೆಗೊಳಿಸಿದ ಕರೆನ್ ಜನಾಂಗದ ಹುಡುಗ, ನಿಯಮದಂತೆ ಇವರ ತೋಳು ಹಿಡಿದು ಮೇಲಕ್ಕೆ ಕರೆದೊಯ್ದ. ಶಾರ್ಕ್ ಕಂಡದ್ದು ಅನಂತರ, ಇನ್ನೊಬ್ಬ ಮಾರ್ಗದರ್ಶಿಯೊಡನೆ ಉಳಿದಿದ್ದ ಆಕೆಗೆ. ಬೆಸೆದುಕೊಂಡ ಕೈಗಳಲ್ಲಿ ಒಂದು ದೋಣಿಯಲ್ಲಿತ್ತು.

ಇದು ನಗುವ ವಿಷಯವೇ, ನಾವು ಮೂವರೂ ನಕ್ಕೆವು. ಆದರೆ ವಿಮರ್ಶೆಯ ದೃಷ್ಟಿಯಿಂದ ಇದು ಸಣ್ಣ ವಿಷಯವಲ್ಲ. ಕಾಣದ್ದನ್ನು ಕಂಡೆನೆಂದದ್ದನ್ನು ಪ್ರವಾಸಿಯ ಹಳೆಯ ಚಾಳಿಯೆಂದು ಕ್ಷಮಿಸಬಹುದು. ಇಲ್ಲಿ ಮಾತ್ರ ಕಂಡವರೊಬ್ಬರು ಇದ್ದರು, ಅವರು ನಿಜವಾಗಿ ಕಂಡದ್ದು ಬರೆದದ್ದಕ್ಕಿಂತ ಹೆಚ್ಚು ಸ್ವಾರಸ್ಯವಾಗಿತ್ತು, ‘ನಾವು’ ಎಂಬ ಪದ ಅದನ್ನು ನುಂಗಿಹಾಕಿತು. ದಂಪತಿಗಳ ಪ್ರವಾಸಕಥನದಲ್ಲಿ ಈ ‘ನಾವು’ ಬಹಳ ಸಲ ಒಬ್ಬರ ಕಣ್ಣು ಇನ್ನೊಬ್ಬರ ಲೇಖನಿಯಾಗಿರುತ್ತದೆ. ಯಾರದು ಕಣ್ಣು, ಯಾರದು ಲೇಖನಿ ಎಂಬುದನ್ನು ಓದುಗನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಕೆಯ ಮಾತನ್ನು ತೂಗಿ ನೋಡಿರಿ. ಬಿಳಿತುದಿಯ ರೆಕ್ಕೆಯ ಆ ಜಾತಿಯ ಶಾರ್ಕ್ ಹಗಲೆಲ್ಲ ಬಂಡೆಯ ಸಂದಿನಲ್ಲೋ ಮರಳಿನ ಮೇಲೋ ಮಲಗಿ, ಕಿವಿರುಗಳ ಮೂಲಕ ನೀರನ್ನು ತಾನೇ ಹಾಯಿಸಿಕೊಳ್ಳುತ್ತ, ರಾತ್ರಿ ಬೇಟೆಗೆ ಹೊರಡುತ್ತದೆ. ‘ನಿಂತರೆ ಸಾಯುವ ಪ್ರಾಣಿ’ ಎಂಬುದು ಬೇರೆ ಕೆಲವು ಜಾತಿಗಳಿಗೆ ಸಲ್ಲುವ ಮಾತು. ಎಮ್ಮೆಯ ಹೋಲಿಕೆ ಪ್ರಾಣಿಶಾಸ್ತ್ರಕ್ಕೆ ಸರಿಹೊಂದುತ್ತದೆ; ಮೃತ್ಯುವಿನ ರೂಪಕ ಹೊಂದುವುದಿಲ್ಲ. ಹವಳದ ಕೆಂಪೂ ಅಷ್ಟೆ. ನೀರು ಮೊದಲು ನುಂಗುವ ಬಣ್ಣವೇ ಕೆಂಪು. ನಲವತ್ತು ಅಡಿಯ ಆಳದಲ್ಲಿ ದೀಪ ಹಿಡಿಯದೆ ರಕ್ತಗೆಂಪು ಕಾಣಲಾರದು. ಮಿತ್ರರು ಕಂಡದ್ದು ಹವಳವನ್ನಲ್ಲ, ದೀಪದ ಬೆಳಕಿನಲ್ಲಿ ತೆಗೆದ ಹವಳದ ಚಿತ್ರವನ್ನು. ಆಕೆಯಾದರೋ ತಾನಾಗಿ ಹೇಳಿದರು: ‘ನನ್ನ ಕೆಂಪು ಬಳಿ ಒಳಗ ಹೋದಕೂಡ್ಲೆ ಕಪ್ಪಾದ್ವು ನೋಡ್ರಿ.’ ಇದು ಕಂಡವರ ಮಾತು. ಈ ಒಂದು ವಾಕ್ಯಕ್ಕಾಗಿ ನಾನು ಇಡೀ ಲೇಖನವನ್ನು ಬಿಟ್ಟುಕೊಡಲು ಸಿದ್ಧ.

ಗಂಡಹೆಂಡಿರು ಶಾರ್ಕುಗಳ ನಡುವೆ ಮುಳುಗಿ, ಅದನ್ನು ಜಗತ್ತಿಗೆ ತೋರಿಸಿದ ಮೊದಲಿಗರಲ್ಲಿ ಆಸ್ಟ್ರಿಯದ ಹಾನ್ಸ್ ಹಾಸ್ ಮತ್ತು ಲೊಟ್ಟೆ ಹಾಸ್ ಸೇರುತ್ತಾರೆ. ಅವರ ಕೆಂಪು ಸಮುದ್ರದ ಚಿತ್ರ 1951ರದು. ನೀರಿನಡಿಯಲ್ಲಿ ಗಟ್ಟಿಯಾಗಿ ಕೂಗಿದರೆ ಶಾರ್ಕ್ ಹಿಂಜರಿಯುತ್ತದೆಂದು ಹಾನ್ಸ್ ಬರೆದಿದ್ದ. ಲೊಟ್ಟೆ ಆತನ ಕಾರ್ಯದರ್ಶಿಯಾಗಿ ಸೇರಿ, ತಾನೇ ಮುಳುಗುವುದನ್ನೂ ನೀರಿನಡಿಯ ಛಾಯಾಗ್ರಹಣವನ್ನೂ ಕಲಿತವಳು. ಜನ ಆಕೆಯನ್ನು ಗಂಡನ ಚಿತ್ರಗಳ ಚೆಲುವೆಯೆಂದೇ ಕಂಡರು. 1970ರಲ್ಲಿ ಆಕೆ ತನ್ನದೇ ಪುಸ್ತಕ ಬರೆದಳು. ಇನ್ನು ಕುಸ್ಟೋವಿನ ‘ಮೌನ ಜಗತ್ತು’ 1956ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರ. ಅದರಲ್ಲಿ ಹಡಗಿನವರಿಂದಲೇ ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕುಗಳನ್ನು ಹಡಗಿನ ಮೇಲೆಳೆದು ಕೊಡಲಿಯಿಂದ ಕಡಿಯುವ ದೃಶ್ಯವಿದೆ. ಆ ಕೊಡಲಿ ಈಗ ಯಾರ ಕೈಯಲ್ಲೂ ಇಲ್ಲ. ‘ಮೃತ್ಯು’ ಎಂಬ ವಿಶೇಷಣ ಮಾತ್ರ ಉಳಿದುಕೊಂಡಿದೆ.

ಕನ್ನಡದಲ್ಲಿ ಸಮುದ್ರದ ಬರವಣಿಗೆ ಇಲ್ಲವೆಂದಲ್ಲ. ಗೋಕಾಕರು ‘ಸಮುದ್ರಗೀತೆ’ಗಳಲ್ಲಿ ಹಡಗಿನ ಮೇಲಿಂದ ಕಂಡರು, ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಮರಳಿನ ಮೇಲಿಂದ ಕಂಡರು. ತೇಜಸ್ವಿಯವರು ಅಂಡಮಾನಿನ ಮೇಲೆ ಬರೆದರು. ಗಾಳದ ಹುಚ್ಚಿದ್ದ ಅವರಿಗೆ ಮೀನು ಎಂದರೆ ಅಲಂಕಾರವಲ್ಲ, ಕುತೂಹಲ. ಆದರೆ ಅಲೆಯ ಕೆಳಗಿನ ಲೋಕಕ್ಕೆ ನಮ್ಮಲ್ಲಿ ಮಾತು ಇನ್ನೂ ಕುದುರಿಲ್ಲ. ಶಾರ್ಕಿಗೆ ಕರಾವಳಿಯಲ್ಲಿ ‘ತಾಟೆ’ ಎಂಬ ಹೆಸರಿದೆ, ಅಲ್ಲಿ ಬಾಣಂತಿಯರಿಗೆ ಅದರ ಪಲ್ಯ ಮಾಡಿಕೊಡುವುದುಂಟು. ನಮ್ಮ ಪ್ರವಾಸ ಲೇಖಕರಲ್ಲಿ ಒಬ್ಬರಾದರೂ ಆ ಪದವನ್ನು ಬಳಸಿದ್ದು ನಾನು ಕಾಣೆ. ದ್ವೀಪಕ್ಕೂ ಹಾಗೆಯೇ. ಕುಂದಾಪುರದ ಕಡೆ ಹೊಳೆಯ ನಡುವಿನ ನೆಲ ‘ಕುದ್ರು’, ಕುಮಟೆಯ ಕಡೆ ‘ಕುರ್ವೆ’, ನಮ್ಮ ಕೃಷ್ಣೆಯಲ್ಲಿ ‘ಗಡ್ಡಿ’. ಪತ್ರಿಕೆಯಲ್ಲಿ ಎಲ್ಲವೂ ‘ಸ್ವರ್ಗಸದೃಶ ದ್ವೀಪ’.

ಪ್ರಸಂಗವಶಾತ್ ಒಂದು ಮಾತು. ಲಕ್ಷದ್ವೀಪದ ಅಮೀನಿ, ಕದ್ಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಆ ವರ್ಷ ನವೆಂಬರ್ 1ರಂದು ನಮ್ಮ ಹುಣಸಗಿ ಹೈದರಾಬಾದು ಬಿಟ್ಟು ವಿಶಾಲ ಮೈಸೂರಿಗೆ ಸೇರಿತು. ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಕರ್ನಾಟಕ, ಲಕ್ಷದ್ವೀಪ ಎಂಬ ಹೆಸರುಗಳು ಬಂದದ್ದೂ ಒಂದೇ ದಿನ, 1973ರ ನವೆಂಬರ್ 1. ರಾಜ್ಯೋತ್ಸವದ ಭಾಷಣಗಳಲ್ಲಿ ಇದು ಯಾರ ನೆನಪಿಗೂ ಬರುವುದಿಲ್ಲ.

ಕನ್ನಡದ ಕಣ್ಣು ಸಮುದ್ರದೊಳಕ್ಕೆ ಇಳಿದ ಒಂದು ಒಳ್ಳೆಯ ನಿದರ್ಶನ ಪುಸ್ತಕದಲ್ಲಿಲ್ಲ, ಚಿತ್ರದಲ್ಲಿದೆ. ಅಮೋಘವರ್ಷರ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಮುರ್ಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ ನೀರಿಗಿಳಿಯುತ್ತಾರೆ. ನೌಕಾಪಡೆ ಗುರಿಯಭ್ಯಾಸಕ್ಕೆ ಬಳಸಿದ ದ್ವೀಪ ಅದು, ಅದರಡಿಯಲ್ಲೇ ಹವಳದ ತೋಟ. ಇಲ್ಲಿ ನಾಯಕನಟ ಶೂರನಲ್ಲ, ಕಲಿಯುವವ. ಆತನ ಹಿಂಜರಿಕೆಯನ್ನು ಚಿತ್ರ ಬಚ್ಚಿಡುವುದಿಲ್ಲ. ಪುನೀತ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ಚಿತ್ರ ತೆರೆಕಂಡದ್ದು 2022ರ ಅಕ್ಟೋಬರ್ 28ರಂದು. ತೆರೆಯ ಮೇಲೆ ಅವರ ಉಸಿರು ಗುಳ್ಳೆಗುಳ್ಳೆಯಾಗಿ ಮೇಲೇರುವುದನ್ನು ಜನ ನೋಡುತ್ತಿದ್ದರು. ಅಲ್ಲಿ ಯಾವ ರೂಪಕವೂ ಬೇಕಾಗಲಿಲ್ಲ. ಉಳಿದಂತೆ ಆ ಚಿತ್ರದಲ್ಲಿ ಭಾವುಕತೆಯ ಮಾತು ನನ್ನ ರುಚಿಗೆ ಹೆಚ್ಚಾಯಿತು, ಆ ವಿಷಯ ಇನ್ನೊಮ್ಮೆ.

ಉಸಿರಿನ ಮಾತು ಬಂದದ್ದರಿಂದ ಮತ್ತೆ ಆ ಮನೆಗೆ ಬರುತ್ತೇನೆ. ಆಗ ಅಂಜಿಕೆಯಾಗಲಿಲ್ಲವೇ ಎಂದು ಆಕೆಯನ್ನು ಕೇಳಿದ್ದೆ. ‘ಮೀನಕ್ಕ ಅಂಜಲಿಲ್ಲ ಕಾಕಾ. ನನ್ನ ಉಸಿರು ನನಗ ಕೇಳಸ್ತಿತ್ತು. ಅದಕ್ಕ ಅಂಜಿದೆ.’ ಆಕೆಯ ತವರು ಕೃಷ್ಣೆಯ ದಂಡೆಯ ಒಂದು ಹಳ್ಳಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತವರು. ತೇಲಲು ಮುಳುಗಲು ಗಾಳಿ ತುಂಬಿ ಬಿಡುವ ಆ ವಿದೇಶೀ ಅಂಗಿಯನ್ನು ತೊಡಿಸಿದಾಗ ಆಕೆಗೆ ಅನ್ನಿಸಿದ್ದು ಇಷ್ಟೆ: ‘ಇದೂ ಬುರಡೀನ.’

ಆ ಬುರುಡೆಗೆ ನಮ್ಮ ಕಡೆ ಬೇರೊಂದು ನೆನಪೂ ಇದೆ. ನಾರಾಯಣಪುರದ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನೀಲಕಂಠರಾಯನ ಗಡ್ಡಿ ನಾಲ್ಕೂ ಕಡೆ ನೀರಾಗಿ ನಿಲ್ಲುತ್ತಿತ್ತು. 2014ರ ಮಳೆಗಾಲದಲ್ಲಿ ಅಲ್ಲಿನ ತುಂಬುಗರ್ಭಿಣಿಯೊಬ್ಬಳು ಸೊಂಟಕ್ಕೆ ಬುರುಡೆಗಳನ್ನು ಕಟ್ಟಿಕೊಂಡು, ಮನೆಯ ಗಂಡಸರ ಕಾವಲಿನಲ್ಲಿ, ಉಕ್ಕುವ ಹೊಳೆಯನ್ನು ಈಸಿ ಆಸ್ಪತ್ರೆಯಿದ್ದ ದಡ ಸೇರಿದಳು. ದೇಶವಿದೇಶಗಳ ಪತ್ರಿಕೆಗಳು ಅದನ್ನು ಸಾಹಸವೆಂದು ಬರೆದವು. ಅದೂ ಉಷ್ಣವಲಯದ ದ್ವೀಪವೇ. ದ್ವೀಪವೆಂದರೆ ರಜೆ ಎಂದು ಬರೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ದುಡಿದ ದುಡ್ಡಿನಲ್ಲಿ ಶಿಕ್ಷಕರು ಸಮುದ್ರ ನೋಡಿಬಂದರೆ ಸಂತೋಷವೇ. ಆದರೆ ಗಡ್ಡಿಯನ್ನು ಬಲ್ಲ ಕಣ್ಣು ಹ್ಯಾವ್‌ಲಾಕನ್ನು ನೋಡಿದಾಗ ಹುಟ್ಟಬಹುದಾಗಿದ್ದ ಲೇಖನವೇ ಬೇರೆ. ಆ ಕಣ್ಣು ಆ ಮನೆಯಲ್ಲಿಯೇ ಇತ್ತು, ಚಹ ಸೋಸುತ್ತಿತ್ತು.

‘ಹಂಗಾದರ ಶಾರ್ಕ್ ತೆಗೀಲೇನು ಕಾಕಾ?’ ಎಂದು ಪತಿರಾಯರು ಸಣ್ಣ ದನಿಯಲ್ಲಿ ಕೇಳಿದರು. ಶಾರ್ಕ್ ಇರಲಿ, ‘ನಾವು’ ತೆಗೆಯಿರಿ ಎಂದೆ. ಹೆಬ್ಬೆರಳಿನ ಕಥೆಯನ್ನು ಸೇರಿಸಿರಿ ಎಂದೂ ಹೇಳಿದೆ. ಅವರು ಒಪ್ಪಿ ತಿದ್ದುತ್ತಿದ್ದಾರೆ. ಹೋದ ವಾರ ತಿಳಿಯಿತು, ಆಕೆಯೂ ಬರೆಯತೊಡಗಿದ್ದಾರಂತೆ. ನಾಲ್ಕು ಪುಟ ಆಗಿದೆ, ಇನ್ನೂ ಹುಣಸಗಿಯ ಬಸ್ ನಿಲ್ದಾಣ ದಾಟಿಲ್ಲ.