ಗುಡ್ಡದ ನೀರಿಗೆ ಬೇರೆಯೇ ಲೆಕ್ಕ

ಎತ್ತರದ ಸರೋವರದಲ್ಲಿ ಸ್ಕೂಬಾ ಅಂದರೆ ಎಲ್ಲರ ಕಣ್ಣೂ ಆಂಡಿಸ್ ಕಡೆ ಹೊರಳುತ್ತದೆ. 1968ರಲ್ಲಿ ಕಡಲ ಶೋಧಕ ಕೂಸ್ಟೊ ಅವರ ತಂಡ ಮುಳುಗಿದ ಟಿಟಿಕಾಕಾ ಇರುವುದು 3,800 ಮೀಟರ್ ಎತ್ತರದಲ್ಲಿ. 1982ರಲ್ಲಿ ಜೋಹಾನ್ ರೈನ್‌ಹಾರ್ಡ್ ತಂಡ ಲಿಕಾಂಕಾಬುರ್ ಜ್ವಾಲಾಮುಖಿಯ ನೆತ್ತಿಯ ಕೊಳಕ್ಕೇ ಇಳಿಯಿತು. ಅದು ಹತ್ತಿರಹತ್ತಿರ 5,900 ಮೀಟರ್. ಆದರೆ ಡೈವಿಂಗ್ ಪಾಠದಲ್ಲಿ ‘ಎತ್ತರ’ ಶುರುವಾಗುವುದು ಬರೀ 300 ಮೀಟರಿಗೆ. ಕೊಯಮತ್ತೂರು ನಗರ 400 ಮೀಟರಿನ ಮೇಲಿದೆ. ಅಲ್ಲಿಯ ತೋಟದ ಬಾವಿಗೆ ಸಿಲಿಂಡರ್ ಹೊತ್ತು ಇಳಿದರೂ ಲೆಕ್ಕದಲ್ಲಿ ಅದು ಎತ್ತರದ ಡೈವ್. ತಿರುಪ್ಪೂರು ಹೆಚ್ಚುಕಡಿಮೆ ಆ 300ರ ಗೆರೆಯ ಮೇಲೇ ಕೂತಿದೆ.

ಪೊಳ್ಳಾಚಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಆಳಿಯಾರಿನಿಂದ 40 ತಿರುವು ಹತ್ತಿ ವಾಲ್ಪಾರೈ ಸೇರುವ ಹೊತ್ತಿಗೆ ಬಲೂನಿನಂತೆ ಉಬ್ಬಿರುತ್ತದೆ. ಸಾವಿರ ಮೀಟರ್ ಮೇಲೆ ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಹತ್ತರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಇಳಿದಿರುತ್ತದೆ. ಕಡಲಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಇಮ್ಮಡಿ. ವಾಲ್ಪಾರೈ ಬಳಿಯ ಸೋಲೈಯಾರ್ ಜಲಾಶಯ ಇರುವುದೂ ಆ ಎತ್ತರದಲ್ಲೇ; ಅಲ್ಲಿ ಒಂಬತ್ತು ಮೀಟರ್ ದಾಟುತ್ತಲೇ ಇಮ್ಮಡಿ. ಮೈಯೊಳಗೆ ಕರಗಿದ ನೈಟ್ರೋಜನ್ ಮೇಲೆ ಬರುವಾಗ ಗುಳ್ಳೆಯಾಗುವುದು, ಆಳದ ಒತ್ತಡ ಮೇಲಿನ ಒತ್ತಡದ ಎಷ್ಟು ಪಟ್ಟು ಎಂಬ ಈ ಅನುಪಾತ ನೋಡಿಯೇ. ಹಾಗಾಗಿ ಅಲ್ಲಿಯ 20 ಮೀಟರ್ ಡೈವನ್ನು ಕಡಲಿನ 22.5 ಮೀಟರ್ ಎಂದು ಎಣಿಸಿ, ಆಳಕ್ಕೆ ತಕ್ಕ ಹೊತ್ತಿನ ಮಿತಿ ಹೇಳುವ ಡೈವ್ ಟೇಬಲ್‌ನಲ್ಲಿ ಅದಕ್ಕಿಂತ ಆಳದ ಸಾಲು ಹಿಡಿಯಬೇಕು. ಮೇಲೇರುವ ವೇಗವೂ ತಗ್ಗಬೇಕು.

ಬಯಲಿನಿಂದ ಬಂದವರ ಮೈಯಲ್ಲಿ ಆ ಎತ್ತರಕ್ಕೆ ಹೆಚ್ಚೆನಿಸುವ ನೈಟ್ರೋಜನ್ ಮೊದಲೇ ಇರುತ್ತದೆ. ಆರು ಗಂಟೆ ಕಾಯಿರಿ, ಇಲ್ಲವಾದರೆ ಆಗಲೇ ಒಂದು ಡೈವ್ ಮುಗಿಸಿದ್ದೀರಿ ಎಂದೇ ಲೆಕ್ಕ ಹಾಕಿ. ಸಿಹಿನೀರು ಕಡಲಿನಷ್ಟು ಎತ್ತಿ ಹಿಡಿಯುವುದಿಲ್ಲ, ಸೊಂಟದ ಸೀಸದ ತೂಕ ಇಳಿಸಬೇಕು. ಕೈಯ ಡೈವ್ ಕಂಪ್ಯೂಟರ್ ಎತ್ತರವನ್ನು ತಾನೇ ಗುರುತಿಸುತ್ತದೋ, ನಾವೇ ಹೇಳಬೇಕೋ ಎಂಬುದನ್ನು ದಡದಲ್ಲೇ ನೋಡಿಕೊಳ್ಳಬೇಕು.

ಇಷ್ಟೆಲ್ಲ ಕಲಿತು ಸೋಲೈಯಾರಿಗೆ ಹಾರೋಣವೆಂದರೆ ನನ್ನ ಉತ್ತರ: ಬೇಡ. ಪರಂಬಿಕುಳಂ–ಆಳಿಯಾರ್ ಯೋಜನೆಯ ಜಲಾಶಯಗಳು ಪಡುವಣಕ್ಕೆ ಹರಿಯುವ ನೀರನ್ನು ಸುರಂಗಗಳಲ್ಲಿ ಮೂಡಣಕ್ಕೆ ತಿರುಗಿಸುತ್ತವೆ. ಸುರಂಗದ ಬಾಯಿಯ ಸೆಳೆತ ಮೇಲಿನಿಂದ ಕಾಣುವುದಿಲ್ಲ; ಹತ್ತಿರ ಹೋದ ಡೈವರ್‌ಗೆ ತಿಳಿಯುವಾಗ ತಡವಾಗಿರುತ್ತದೆ. ತಿರುಪ್ಪೂರು ಜಿಲ್ಲೆಯ ಅಮರಾವತಿ ಜಲಾಶಯವಂತೂ ಮೊಸಳೆಗಳ ಮನೆ. ಸುತ್ತಮುತ್ತ ಆನೆಮಲೆ ಹುಲಿ ಸಂರಕ್ಷಿತ ಪ್ರದೇಶ. ಅಣೆಕಟ್ಟಿನಲ್ಲಿ ಮುಳುಗುವುದು ಕೆಲಸಕ್ಕೆ ಇಳಿಯುವವರ ಪಾಡು, ಶೋಕಿಯಲ್ಲ.

ಹಾಗಾದರೆ ಈ ಲೆಕ್ಕ ಯಾರಿಗೆ? ಕಡಲಿಗೆ ಹೋಗಿ ಬರುವ ನಮಗೇ. ವಿಮಾನ ಹತ್ತುವ ಮೊದಲು ಒಂದು ಡೈವ್ ಆಗಿದ್ದರೆ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕಾಯಬೇಕೆಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಸುಮಾರು 600 ಮೀಟರ್ ದಾಟಿಸುವ ರಸ್ತೆಗೂ ಅದನ್ನೇ ಹಿಡಿಯುವುದು ಕ್ಷೇಮ ಎಂಬುದು ಮಾತ್ರ ಮರೆತುಹೋಗುತ್ತದೆ. ಬೆಳಗ್ಗೆ ನೇತ್ರಾಣಿ ದ್ವೀಪದ ಬಳಿ ಮುಳುಗಿ, ಸಂಜೆ ಮುರುಡೇಶ್ವರದಲ್ಲಿ ಬಸ್ ಹತ್ತಿ, ಘಟ್ಟ ಏರಿ 920 ಮೀಟರಿನ ಬೆಂಗಳೂರಿಗೆ ಮರಳುವವರು ಎಷ್ಟು ಮಂದಿ! ಕೊಯಮತ್ತೂರಿನವರಿಗೆ ಪಾಲಕ್ಕಾಡ್ ಕಣಿವೆಯೇ ವರ; ಕೇರಳದ ಕಡಲಿನಿಂದ ಘಟ್ಟ ಹತ್ತದೆ ಮನೆ ಸೇರಬಹುದು. ಆ ವರವನ್ನು ಮರುದಿನ ಬೆಳಗ್ಗೆಯೇ ವಾಲ್ಪಾರೈಗೋ 2,240 ಮೀಟರಿನ ಊಟಿಗೋ ಕಾರು ಹತ್ತಿಸಿ ಹಾಳುಮಾಡಿಕೊಳ್ಳಬಾರದು, ಅಷ್ಟೆ.

ಮುಳುಗಿ ಬಂದ ಮೇಲೆ ಕೀಲು ನೋವು, ಜೋಮು, ತಲೆಸುತ್ತು ಕಂಡರೆ ಸುಸ್ತೆಂದು ಮಲಗಬೇಡಿ. ಆಮ್ಲಜನಕ ಸಿಗುವ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ವೈದ್ಯರಿಗೆ ಮೊದಲು ಹೇಳಿ.