ಕಂಠವೊಂದೇ ಅಲ್ಲ

ನಿರೂಪಕಿ ಅಪರ್ಣಾ 2024ರ ಜುಲೈ 11ರಂದು ತೀರಿಕೊಂಡಾಗ ಹೆಚ್ಚಿನವರು ಅವರ ಇಂಪಾದ ಕಂಠವನ್ನೇ ಹೊಗಳಿದರು. ಆ ಹೊಗಳಿಕೆ ಸಾಲದೆಂದು ನನಗನ್ನಿಸಿತು. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ 'ಮಸಣದ ಹೂವು'ದಲ್ಲಿ ನಟಿಸಿ ಬೆಳಕಿಗೆ ಬಂದವರು ಆಕಾಶವಾಣಿ, ದೂರದರ್ಶನಗಳಲ್ಲಿ ನಿರೂಪಕಿಯಾದರು. ಬೆಂಗಳೂರಿನ 'ನಮ್ಮ ಮೆಟ್ರೊ'ಗೆ ದನಿಯಾದರು. 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿಯಾಗಿ ನಗಿಸಿದರು. ಕಂಠ ಹುಟ್ಟಿನಿಂದ ಬಂದೀತು. ಪದದ ಕೊನೆಯ ಅಕ್ಷರವನ್ನೂ ನುಂಗದೆ ನುಡಿಯುವುದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಅರಿಯುವುದು ಅಭ್ಯಾಸದಿಂದಲೇ ಬರಬೇಕು.

ನನ್ನದೊಂದು ತಕರಾರೂ ಉಂಟು. ಅದು ಅವರ ಮೇಲಲ್ಲ, ಕೇಳುವ ನಮ್ಮ ಮೇಲೆ. ಅಂಥ ಕನ್ನಡವೊಂದೇ ಶುದ್ಧವೆಂದು ನಂಬಿಬಿಟ್ಟಿದ್ದೇವೆ. ದೇವದುರ್ಗ, ಮಾನ್ವಿಯ ಹುಡುಗಿಯರು ಮನೆಯಲ್ಲಿ 'ಬಂದಾರ್ರಿ, ಹೋಗ್ಯಾರ್ರಿ' ಎಂದು ಚಟಪಟ ಮಾತಾಡುತ್ತಾರೆ. ಮೈಕಿನ ಮುಂದೆ ನಿಲ್ಲಿಸಿದರೆ ದನಿ ಅಡಗಿಹೋಗುತ್ತದೆ. ನಮ್ಮ ಸೀಮೆಯ ಮಾತು ನಗಿಸುವುದಕ್ಕಷ್ಟೇ ಲಾಯಕ್ಕೆಂದು ಎಷ್ಟೋ ಸಿನಿಮಾಗಳು ಅವರಿಗೆ ಕಲಿಸಿವೆ.

ನಮ್ಮ ರಾಯಚೂರಿನಲ್ಲೂ ಆಕಾಶವಾಣಿ ಕೇಂದ್ರವಿದೆ. ನಾಳೆ ಅಲ್ಲಿ ಕೂರುವ ಹುಡುಗಿ ಅಪರ್ಣಾರ ರಾಗವನ್ನು ಅನುಕರಿಸಬೇಕಿಲ್ಲ. ಕೇಳುವವರ ಮೇಲೆ ಅವರಿಗಿದ್ದ ಗೌರವ, ಆ ಎಚ್ಚರ ಕಲಿತರೆ ಸಾಕು. ಮಾತು ಮಾತ್ರ ನಮ್ಮ ಮನೆಯದೇ ಇರಲಿ.