ಪಾಸಿನವರ ಕಥೆ, ಟಿಕೇಟಿನವರ ಕಥೆ

ಮೋನಿಷಾ ರಾಜೇಶ್ ಅವರ ‘ಅರೌಂಡ್ ಇಂಡಿಯಾ ಇನ್ 80 ಟ್ರೇನ್ಸ್’ (2012) ಓದುತ್ತಿದ್ದಾಗ ಮದ್ದೂರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ: ಒಂದೇ ಪಾಸಂತೆ, ತೊಂಬತ್ತು ದಿನ, ದೇಶದ ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದಂತೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವ ಕಡೀಕಾದ್ರೂ ಹೋಗ್ಬೋದು ಅಂದ್ರೆ ಅದು ಪಾಸ್ ಹೆಂಗಾಯ್ತದೆ?” ಅಂದರು.

ಹತ್ತೊಂಬತ್ತು ವರ್ಷ ಮದ್ದೂರಿನಿಂದ ಬೆಂಗಳೂರಿಗೆ ತಿಂಗಳ ಪಾಸಿನಲ್ಲಿ ಓಡಾಡಿದವರು ಅವರು. ಅವರ ಮಟ್ಟಿಗೆ ಪಾಸ್ ಎಂದರೆ ಅದೇ ರೈಲು, ಅದೇ ಬೋಗಿ, ಅದೇ ನಾಲ್ಕು ಜನ. ರೈಲ್ವೆಯವರು 150 ಕಿಲೋಮೀಟರಿನೊಳಗೆ ಮಾತ್ರ ಕೊಡುವ ಆ ಪಾಸಿಗೆ ಬೆಂಗಳೂರು–ಮೈಸೂರು ದಾರಿ ಹೇಳಿ ಮಾಡಿಸಿದಂತಿದೆ. ಮೋನಿಷಾ ಕೊಂಡಿದ್ದು ಇಂಡ್‌ರೈಲ್ ಪಾಸ್. ವಿದೇಶಿಯರಿಗೆ, ಅನಿವಾಸಿ ಭಾರತೀಯರಿಗೆ ಮಾತ್ರ ಸಿಗುತ್ತಿತ್ತು, ಈಗ ನಿಂತುಹೋಗಿದೆ. ಅಂದರೆ ಭಾರತವನ್ನು ಗೊತ್ತುಗುರಿಯಿಲ್ಲದೆ ರೈಲಿನಲ್ಲಿ ಸುತ್ತುವ ಸೌಲಭ್ಯ ಭಾರತದಲ್ಲಿ ಇರುವವರಿಗೆ ಇರಲೇ ಇಲ್ಲ. ನಮ್ಮನ್ನು ಕೌಂಟರಿನಲ್ಲಿ ಮೊದಲು ಕೇಳುವುದೇ “ಎಲ್ಲಿಗೆ?” ಎಂದು.

ಹನುಮಂತನಗರದ ನನ್ನ ಬಾಡಿಗೆ ಕೋಣೆಯಲ್ಲಿ ಕನ್ನಡದ ಪ್ರವಾಸ ಸಾಹಿತ್ಯದ ಮೇಲೆ ಪ್ರಬಂಧ ಬರೆಯಲು ಕೂತು ಎರಡು ವರ್ಷವಾಯಿತು. ವಿ.ಸೀ. ಅವರ ‘ಪಂಪಾಯಾತ್ರೆ’ಯಿಂದ ಹಿಡಿದು ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೇರಿಕದಲ್ಲಿ ಗೊರೂರು’ವರೆಗೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಆದರೆ ನಾನು ಓದಿದವುಗಳಲ್ಲಿ ಹೆಚ್ಚಿನವು ಊರು ಮುಟ್ಟಿದ ಮೇಲೆಯೇ ಮೈಬಿಚ್ಚುತ್ತವೆ. ದಾರಿ ನಾಲ್ಕು ಸಾಲಿನಲ್ಲಿ ಮುಗಿದು, ಇಳಿದ ತಕ್ಷಣ ಸ್ಥಳಪುರಾಣ ಶುರುವಾಗುತ್ತದೆ. ಇದು ಬರೆದವರ ಸೋಮಾರಿತನ ಎಂದು ಮೊದಲು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಟಿಕೇಟು ಕೊಂಡವರ ಗದ್ಯ ಅದು. ಮದುವೆಗೋ, ಪರೀಕ್ಷೆಗೋ, ದೇವರಿಗೋ ಹೊರಟವರಿಗೆ ರೈಲು ಒಂದು ಜಾಗವಾಗಿ ಕಾಣುವುದು ಹೇಗೆ? ಅವರಿಗೆ ಅದು ಕಳೆಯಬೇಕಾದ ಹೊತ್ತು, ಅಷ್ಟೆ. (ಭೈರಪ್ಪನವರು ಹುಡುಗರಾಗಿದ್ದಾಗ ಮುಂಬೈಗೆ ಓಡಿಹೋಗಿ ರೈಲ್ವೆ ಕೂಲಿಯಾಗಿ ದುಡಿದಿದ್ದರು. ರೈಲು ಕೆಲವರಿಗೆ ಹತ್ತುವ ವಸ್ತುವೇ ಅಲ್ಲ, ಹೊರುವ ಹೊರೆ.)

ಮೋನಿಷಾ ಅವರದು ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ರೈಲೇ ಊರು. ಐಷಾರಾಮಿ ರೈಲು, ಮುಂಬೈ ಲೋಕಲ್, ಆಸ್ಪತ್ರೆಯಾಗಿ ಓಡುವ ಲೈಫ್‌ಲೈನ್ ಎಕ್ಸ್‌ಪ್ರೆಸ್, ಎಲ್ಲವೂ ಬರುತ್ತವೆ. ಲವಲವಿಕೆಯ ಪುಸ್ತಕ. ಆದರೆ ಎಂಬತ್ತು ಎಂಬ ಸಂಖ್ಯೆ ಕೊರಳಿಗೆ ಬಿದ್ದಿದೆ. ಒಂದು ರೈಲಿನಲ್ಲಿ ಮನುಷ್ಯರು ಬಾಯಿಬಿಡುವ ಹೊತ್ತಿಗೆ ಇನ್ನೊಂದು ರೈಲಿಗೆ ಹೊತ್ತಾಗಿರುತ್ತದೆ. ಬಿಶ್ವನಾಥ್ ಘೋಷ್ ಅವರ ‘ಚಾಯ್ ಚಾಯ್’ (2009) ನನಗೆ ಇದಕ್ಕಿಂತ ಹತ್ತಿರದ್ದು. ಎಲ್ಲರೂ ಹಾದುಹೋಗುವ, ಯಾರೂ ಇಳಿಯದ ಜಂಕ್ಷನ್ ಊರುಗಳಲ್ಲಿ ಅವರು ಇಳಿಯುತ್ತಾರೆ. ಬೆಂಗಳೂರಿನವರಿಗೆ ನಿದ್ದೆಗಣ್ಣಿನ ಚಹದ ಮೂಲಕವಷ್ಟೇ ಗೊತ್ತಿರುವ ಗುಂತಕಲ್, ಜೋಲಾರಪೇಟೆಗಳೂ ಅದರಲ್ಲಿವೆ. ಆದರೂ ಓದುವಾಗ ಒಂದು ಸಣ್ಣ ಮುಳ್ಳು ಚುಚ್ಚುತ್ತಲೇ ಇತ್ತು. ಗೊತ್ತಿಲ್ಲದ ಊರಿನಲ್ಲಿ ಸಂಜೆ ಲಾಡ್ಜಿನಿಂದ ಒಬ್ಬರೇ ಹೊರಬಿದ್ದು ಎಲ್ಲಿ ಬೇಕಾದರೂ ಕೂರಬಲ್ಲ ಗಂಡಸಿನ ಅನುಕೂಲ ಆ ಪುಸ್ತಕದ ಅಡಿಪಾಯ.

ಕಳೆದ ನವೆಂಬರಿನಲ್ಲಿ ನಾನೂ ಹೊರಟೆ. ಭಾರತೀಯರಿಗೆ ಪಾಸಿನ ಬದಲು ಇರುವುದು ಸರ್ಕ್ಯುಲರ್ ಜರ್ನಿ ಟಿಕೇಟು: ಹೊರಟ ಸ್ಟೇಷನ್ನಿಗೇ ವಾಪಸು ಬರಬೇಕು, ನಡುವೆ ಗರಿಷ್ಠ ಎಂಟು ಕಡೆ ಇಳಿಯಬಹುದು.

“ಎಲ್ಲಿಗಮ್ಮ?”

“ಬೆಂಗಳೂರಿಗೆ.”

“ಎಲ್ಲಿಂದ?”

“ಬೆಂಗಳೂರಿಂದಲೇ.”

ಗುಂತಕಲ್, ಬಳ್ಳಾರಿ, ಗದಗ, ಹುಬ್ಬಳ್ಳಿ, ಅರಸೀಕೆರೆ ಸುತ್ತಿ ಬರುವ ಸುಮಾರು ಸಾವಿರ ಕಿಲೋಮೀಟರಿನ ದಾರಿ. ಸಾಧ್ಯವಾದಷ್ಟು ಪ್ಯಾಸೆಂಜರ್ ಗಾಡಿಗಳಲ್ಲೇ ಹೋಗಬೇಕೆಂಬ ಹಟ. ಈ ಗಾಡಿಗಳದೂ ಒಂದು ಕಥೆಯಿದೆ. 2020ರ ಮಾರ್ಚಿನಲ್ಲಿ ನಿಂತವು ಮತ್ತೆ ಹಳಿಗೆ ಬಂದಾಗ ಹೆಸರಿಗೆ ಎಕ್ಸ್‌ಪ್ರೆಸ್ ಆಗಿದ್ದವು. ವೇಗ ಅದೇ, ನಿಲ್ದಾಣ ಅವೇ, ಹತ್ತು ರೂಪಾಯಿಯ ಕನಿಷ್ಠ ದರ ಮಾತ್ರ ಮೂವತ್ತು. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ರೈಲಿನ ರಮ್ಯತೆಯ ಬಗ್ಗೆ ಬರೆಯುವವರು ಈ ಇಪ್ಪತ್ತು ರೂಪಾಯಿಯನ್ನು ಮರೆಯುವುದು ಸುಲಭ.

ಗೌರಿಬಿದನೂರಿನಲ್ಲಿ ಖಾಲಿ ಹೂವಿನ ಬುಟ್ಟಿ ಹಿಡಿದು ಒಬ್ಬರು ಹತ್ತಿ ಎದುರು ಕೂತರು. ಎಲ್ಲಿಗೆ ಎಂದು ಕೇಳಿದರು. ಗುಂತಕಲ್‌ಗೆ. ಅಲ್ಲಿ ಯಾರವ್ರೆ? ಯಾರೂ ಇಲ್ಲ. ಮತ್ತೆ ಕೆಲ್ಸಾನಾ? ಅಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೆಲ್ಲಗೆ, “ಮನೇಲಿ ಹೇಳಿ ಬಂದಿದೀಯಾ ತಾಯಿ?” ಅಂದರು. ಹೌದೆಂದೆ. ನಂಬಿದಂತೆ ಕಾಣಲಿಲ್ಲ. ಎದ್ದು ಬಂದು ನನ್ನ ಪಕ್ಕದಲ್ಲೇ ಕೂತು, ಒಂದು ಹಿಡಿ ಕಡಲೇಕಾಯಿ ಕೈಗೆ ಹಾಕಿದರು. ನನ್ನನ್ನು ಕಾಯುತ್ತಿದ್ದರು ಎಂದು ಹೊಳೆದದ್ದು ಆಮೇಲೆ. ಮಗಳ ಮಾತು ತೆಗೆದರು. ಅಳಿಯ ಸರ ಅಡವಿಟ್ಟಿದ್ದಾನೆ, ಮಗಳು ಹೇಳದೆ ಮುಚ್ಚಿಟ್ಟಿದ್ದಾಳೆ, ಇವತ್ತು ಹೋಗಿ ಅವರತ್ತೆಯನ್ನೇ ಕೇಳಬೇಕು ಎನ್ನುವಷ್ಟರಲ್ಲಿ ಹಿಂದೂಪುರ ಬಂತು. ಬುಟ್ಟಿ ಎತ್ತಿಕೊಂಡು ಇಳಿದುಬಿಟ್ಟರು. ಆ ಸೀಟಿಗೆ ತೆಲುಗು ಮಾತಾಡುವ ಮೂವರು ಕಾಲೇಜು ಹುಡುಗಿಯರು ಬಂದರು.

ದೂರದ ಟಿಕೇಟಿನ ಒಂಟಿ ಪ್ರಯಾಣಿಕರಿಗೆ ಪ್ಯಾಸೆಂಜರ್ ಗಾಡಿ ಕೊಡುವುದು ಇದನ್ನೇ. ನಾನು ಕೂತಲ್ಲೇ ಇರುತ್ತೇನೆ, ಪಾತ್ರಗಳು ಇಪ್ಪತ್ತು ಮೂವತ್ತು ಕಿಲೋಮೀಟರಿಗೊಮ್ಮೆ ಬದಲಾಗುತ್ತಾರೆ. ಎಲ್ಲ ಕಥೆಗಳಿಗೂ ನಡುವೆ ಮಾತ್ರ ಇದೆ. ಇದನ್ನು ಹೊಸ ರೂಪವೆಂದು ಸಂಭ್ರಮಿಸಿ ಡೈರಿಯಲ್ಲಿ ಎರಡು ಪುಟ ಬರೆದೆ. ಗುಂತಕಲ್ಲಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ರಾತ್ರಿ ಅದನ್ನೇ ಓದಿದಾಗ ನಾಚಿಕೆಯಾಯಿತು. ಆಕೆಯ ಆತಂಕ ನನಗೆ ‘ರೂಪ’ವಾಗಿಬಿಟ್ಟಿತ್ತು.

ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ನೆನಪಾಯಿತು. ಇಬ್ಬರು ಗೆಳತಿಯರು ಗಂಡಸರ ಜತೆಯಿಲ್ಲದೆ ಅಷ್ಟು ದೂರ ಹೋದ ಆ ಪುಸ್ತಕದ ಧೈರ್ಯ ನನ್ನ ವಯಸ್ಸಿನ ಅನೇಕರಿಗೆ ದಾರಿ ತೆರೆದಿದೆ. ನಾವು ಅದರಿಂದ ಕಲಿತದ್ದು ಮಾತ್ರ ‘ಒಂಟಿ’ ಎಂಬ ಪದದ ಹೆಮ್ಮೆ. ಕಡಲೇಕಾಯಿ ಕೊಟ್ಟು ಪಕ್ಕದಲ್ಲಿ ಕೂತವರು ಇದ್ದ ಮೇಲೆ ನಾನು ಯಾವ ಲೆಕ್ಕದಲ್ಲಿ ಒಂಟಿ?

ವಾಪಸು ಬಂದ ಮೇಲೆ ಒಂದು ಸಂಜೆ ಗವಿಪುರದ ಮಾಸ್ತಿಯವರ ಮನೆಗೆ ನಡೆದುಕೊಂಡು ಹೋದೆ. ಸಂಶೋಧನೆಗೇನೂ ಅಲ್ಲ, ನನ್ನ ಕೋಣೆಗೆ ಹತ್ತಿರ, ಅಷ್ಟೆ. ಅಲ್ಲಿ ‘ಮೊಸರಿನ ಮಂಗಮ್ಮ’ ತಲೆಗೆ ಬಂತು. ಮೊಸರು ಕೊಡಲು ಬಂದಾಗೆಲ್ಲ ಇಷ್ಟಿಷ್ಟೇ ಮನೆಯ ಸಂಗತಿ ಬಿಚ್ಚುವ ಹೆಂಗಸು, ಮತ್ತೆ ಬರುತ್ತಾಳೆಂದು ಗೊತ್ತಿದ್ದು ಕೇಳುವ ಮನೆ. ಆ ಕಥೆ ನಡೆಯುವುದು ತಿಂಗಳ ಪಾಸಿನ ಲಯದಲ್ಲಿ. ಮೋನಿಷಾಗೂ ನನಗೂ ಸಿಗದಿದ್ದು ಅದು, ಮರುದಿನ. ನಮ್ಮ ಪ್ರವಾಸ ಕಥನದಲ್ಲಿ ರೈಲಿಲ್ಲ ಎಂದು ದೂರುತ್ತಿದ್ದವಳು ತಪ್ಪು ಕಪಾಟಿನಲ್ಲಿ ಹುಡುಕುತ್ತಿದ್ದೆ. ಪ್ಯಾಸೆಂಜರ್ ಗಾಡಿಯ ಗದ್ಯ ಕನ್ನಡದಲ್ಲಿ ಇದ್ದರೆ ಅದು ಸಣ್ಣಕಥೆಯಲ್ಲಿದೆ.

ಈಗ ತಿಂಗಳಿಗೆರಡು ಭಾನುವಾರ ಮದ್ದೂರಿಗೆ ಹೋಗಿ ಅಪ್ಪನ ಬೋಗಿಯ ಕಥೆ ಬರೆದುಕೊಳ್ಳುತ್ತಿದ್ದೇನೆ. ಪ್ರಬಂಧದಲ್ಲಿ ಇದಕ್ಕೆ ಜಾಗ ಸಿಗುತ್ತದೋ ಇಲ್ಲವೋ, ನನ್ನ ಮಾರ್ಗದರ್ಶಕರು ಇನ್ನೂ ಒಪ್ಪಿಲ್ಲ. ಅಪ್ಪನಿಗೂ ಇದರಲ್ಲಿ ಅಷ್ಟು ಆಸಕ್ತಿಯಿಲ್ಲ. ಹೋದಾಗೆಲ್ಲ ಮೊದಲು ಕೇಳುವುದು, “ಆ ಹೂವಿನಮ್ಮನ ಸರ ಬಿಡಿಸ್ಕೊಂಡ್ರಂತಾ?” ಎಂದು. ಗೊತ್ತಿಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. ಆಮೇಲೆ, ಕಿಟಕಿ ಪಕ್ಕದ ಗುಮಾಸ್ತರ ಎರಡನೇ ಮಗಳ ಮದುವೆ ಚನ್ನಪಟ್ಟಣಕ್ಕೂ ಬಿಡದಿಗೂ ನಡುವೆ ಹೇಗೆ ಮೂರು ಸಲ ಕುದುರಿ ಮೂರು ಸಲ ಮುರಿಯಿತು ಎಂಬಲ್ಲಿಂದ ಮುಂದುವರಿಸುತ್ತಾರೆ.